ಅರವತ್ತೆರಡು ಸೆಂಟಿಮೀಟರ್

ಬೈಕಲ್ ಹೆಪ್ಪುಗಟ್ಟಿದ ಮೇಲೆ ಅದೇ ನಮಗೆ ಹೆದ್ದಾರಿ.
ಬೆಳಗಿನ ಜಾವ ಬೈರಿಗೆ ತಿರುವಿ, ತೂತು ಕೊರೆದು,
ಕೋಲಿಳಿಸಿ, ದಪ್ಪ ಓದಿ, ಹಲಗೆಯ ಮೇಲೆ ಅಂಕಿ ಬರೆಯುವುದು
ಇಪ್ಪತ್ತಾರು ಚಳಿಗಾಲ ನನ್ನ ಕೆಲಸ.
ಸಂಜೆಗೆ ಇನ್ನೊಂದು: ಮೀನುಗಾರರ ಕ್ಲಬ್ಬಿನಲ್ಲಿ
ದೇವರಿಲ್ಲ ಎಂದು ಭಾಷಣ.
ತಿಂಗಳಿಗೆ ಎರಡು. ಒಂದಕ್ಕೆ ಮೂರು ರೂಬಲ್.

ಚೆನ್ನಾಗಿಯೇ ಮಾತಾಡುತ್ತಿದ್ದೆ, ಸುಳ್ಳೇಕೆ.
ಮೀನಿನ ಹೊಟ್ಟೆ ಸೀಳಿ, ಎಲ್ಲಿದೆ ಆತ್ಮ, ಹುಡುಕಿ ಕೊಡಿ ಎಂದರೆ
ಹೆಂಗಸರು ಸೆರಗಿಲ್ಲದ ಬಾಯಿಗೆ ಕೈಗವುಸು ಒತ್ತಿ ನಗುತ್ತಿದ್ದರು.
ಭಾಷಣ ಮುಗಿದ ಮೇಲೆ ಆ ಮೀನನ್ನೇ ಹುರಿದು ತಿನ್ನುತ್ತಿದ್ದೆವು.

ಮನೆಯಲ್ಲಿ ಅಮ್ಮ ಹಿಟ್ಟಿನ ಡಬ್ಬಿಯ ತಳದಲ್ಲಿ
ಹಿತ್ತಾಳೆಯ ಬುದ್ಧನನ್ನು ಹೂತಿಟ್ಟಿದ್ದಳು.
ರೊಟ್ಟಿಯ ದಿನ ಅವನ ಮಡಿಲಿಂದಲೇ ಮೊಗೆಯುತ್ತಿದ್ದಳು ಹಿಟ್ಟು.
ನನಗೆ ಗೊತ್ತಿತ್ತು.
ನನಗೆ ಗೊತ್ತೆಂದು ಅವಳಿಗೂ.

ಮಾರ್ಚ್ ತಿಂಗಳ ಒಂದು ಬೆಳಗು, ಏಳನೆಯ ತೂತಿನ ಹತ್ತಿರ
ಬೆರಳು ಮರಗಟ್ಟಿತು. ಹಿಂದಿನ ಆರೂ ಅರವತ್ತರ ಮೇಲೇ ಇದ್ದವಲ್ಲ.
ಕೊರೆಯದೆ ಬರೆದೆ: ಅರವತ್ತೆರಡು.
ಮಧ್ಯಾಹ್ನ ಯೆರ್ಮೊಲಾಯ್‌ನ ಲಾರಿ, ಹನ್ನೆರಡು ಪೀಪಾಯಿ ಸೀಮೆಎಣ್ಣೆ,
ಅಲ್ಲೇ.
ಒಂದು ಪೀಪಾಯಿ ಮಾತ್ರ ತೇಲಿತು.

ಕಡತ ಹೇಳಿತು: ಒಳಹರಿವು, ಅಕಾಲದ ಬಿರುಕು, ಯಾರ ತಪ್ಪೂ ಇಲ್ಲ.
ಅವನ ಹೆಂಡತಿ ಅಗಾಫ್ಯಾ ಎರಡೇ ಬೆರಳು ಜೋಡಿಸಿ ಶಿಲುಬೆ ಎಳೆದುಕೊಂಡು
'ಕೊಟ್ಟವನೇ ಕರೆಸಿಕೊಂಡ' ಎಂದಳು.
ಜೇನು ಕಲಸಿದ ತಿಥಿಯ ಗೋಧಿಯನ್ನು
ನನ್ನ ತಟ್ಟೆಗೆ ಎರಡನೆಯ ಸಲ ಬಡಿಸಿದಳು.
ಜೀವಮಾನದಲ್ಲಿ ನನಗೆ ದೇವರು ಬೇಕೆನಿಸಿದ್ದು ಆಗ.
ಇದ್ದಿದ್ದರೆ ಎಲ್ಲವನ್ನೂ ಅವನ ತಲೆಗೆ ಕಟ್ಟಬಹುದಿತ್ತು.
ಇಲ್ಲದವನನ್ನು ಹೊಣೆ ಮಾಡುವುದು ಹೇಗೆ,
ಇಲ್ಲವೆಂದು ರಸೀದಿ ಬರೆದುಕೊಟ್ಟವನು ನಾನೇ ಆಗಿರುವಾಗ.

ಗಾಲ್ಸನ್ ಹತ್ತಿರ ಹೋದೆ. ಹಿಂದೊಮ್ಮೆ ಲಾಮಾ;
ಹದಿನೇಳು ವರ್ಷ ಶಿಬಿರದಲ್ಲಿ ಮರ ಕುಯ್ದು ಬಂದು
ಈಗ ಮೀನಿನ ಗೋದಾಮಿನ ರಾತ್ರಿ ಕಾವಲು.
'ಅವನ ಕರ್ಮ, ಮುಳುಗಿದ. ಹೌದು ತಾನೆ?'
ಹೌದೆಂದುಬಿಡಲಿ ಎಂದು ಅವನ ಬಾಯನ್ನೇ ನೋಡಿದೆ.
ಒಲೆಗೆ ಒಂದು ಸೌದೆ ನೂಕಿದ.
'ಅವನದು ನನಗೇನು ಗೊತ್ತು, ಕಾಣಬಲ್ಲವನು ಬುದ್ಧನೊಬ್ಬ.
ನಿನ್ನದು ಹೇಳು. ಕೊರೆಯದೆ ಬರೆದಾಗ
ಮನಸ್ಸಿನಲ್ಲಿ ಏನಿತ್ತು?'

ನಾನಿನ್ನೂ ಯಾರಿಗೂ ಹೇಳಿರಲಿಲ್ಲ.
ಗೋದಾಮಿನ ಕಿಟಕಿ ಸರೋವರದ ಕಡೆಗಿತ್ತು.

'ಚಹಾ' ಎಂದೆ. ಚಹಾ ಇತ್ತು. ಉಪ್ಪು ಹಾಕಿದ, ಬಿಸಿ.
ಅವನು ನಗಲಿಲ್ಲ.
'ನನ್ನ ಮನಸ್ಸಿನಲ್ಲಿ ಈ ಒಲೆ ಇತ್ತು. ನೋಡಿದೆ,
ಎದ್ದು ಬರಲಿಲ್ಲ.'

ಬಹಳ ಹೊತ್ತಿನ ಮೇಲೆ ಕೇಳಿದೆ: 'ಕ್ಷಮಿಸುವವರು ಯಾರು?'
'ಯಾರೂ ಇಲ್ಲ. ನಿನ್ನ ಭಾಷಣವೇ ಅಲ್ಲವೆ ಅದು?
ನಮ್ಮಲ್ಲೂ ಆ ಕುರ್ಚಿ ಖಾಲಿಯೇ.
ಕುರ್ಚಿ ಖಾಲಿಯೆಂದು
ಹೆಪ್ಪು ಬಿದ್ದ ಹಾಲು ಹಾಲಾಗಿಯೇ ಉಳಿಯುತ್ತದೆಯೆ?'

ಭಾಷಣ ಬಿಡಲಿಲ್ಲ ನಾನು, ರೂಬಲ್ ಬೇಕಿತ್ತು.
ದೇವರಿಲ್ಲವೆಂದೇ ಹೇಳಿದೆ, ಈಗಲೂ ಹೇಳುತ್ತೇನೆ.
ಮೀನು ಸೀಳುವುದನ್ನು ಬಿಟ್ಟೆ.
ಅಗಾಫ್ಯಾಳ ಅಂಗಳಕ್ಕೆ ಮೂರು ಸಲ ಹೋಗಿ
ಹೇಳಲಾರದೆ ಸೌದೆ ಒಡೆದು ಒಟ್ಟಿ ಬಂದೆ.
ನಾಲ್ಕನೆಯ ಸಲ ಹೇಳಿದೆ.
ಬಾಗಿಲು ಹಾಕಿಕೊಂಡಳು. ಒಳಗೆ ಮೂಲೆಯ ಚಿತ್ರಪಟದೊಡನೆ
ಜಗಳವಾಡುವುದು ಕೇಳಿಸಿತು.
ಇಲ್ಲದವನು ನನ್ನಿಂದಾಗಿ ಬೈಗುಳ ತಿಂದ.
ಹೊರಗೆ ನಿಂತು ಕೊನೆಯವರೆಗೂ ಕೇಳಿಸಿಕೊಂಡೆ.

ಅಮ್ಮ ಸತ್ತ ಮೇಲೂ ಡಬ್ಬಿಯನ್ನು ಬರಿದು ಮಾಡಿಲ್ಲ.

ಈಗ ಕೊರೆಯುತ್ತೇನೆ. ಏಳನೆಯದನ್ನು ಎರಡು ಸಲ.
ನೀರು ಕಪ್ಪಗೆ ತೂತಿನ ಬಾಯಿಗೆ ಏರಿ ನಿಲ್ಲುತ್ತದೆ.
ಕೋಲಿನ ಕೊಕ್ಕೆ ಅಡಿಯಂಚಿಗೆ ಸಿಕ್ಕಿದಾಗ
ಗವುಸು ಕಳಚಿ ಬೆರಳಿಟ್ಟು ಓದುತ್ತೇನೆ.
ಐವತ್ತೊಂಬತ್ತು.
ಬರೆಯುತ್ತೇನೆ: ಐವತ್ತೊಂಬತ್ತು.