ಹಳೇ ತಲೆ

ಅಂಕೋಲೆಯ ತಹಶೀಲ್ದಾರ ಕಚೇರಿಯ ಎದುರು
ಎಂಟಡಿ ಅಗಲದ ಅಂಗಡಿ ನನ್ನದು:
ಜೆರಾಕ್ಸ್, ಟೈಪಿಂಗ್, ಲ್ಯಾಮಿನೇಶನ್,
ಕೇಳಿದರೆ ಮದುವೆ ಕಾಗದವೂ.
ಒಳಗಿನ ಕಂಪ್ಯೂಟರಿಗೆ ಹನ್ನೊಂದು ವರ್ಷ.
ಗುಂಡಿ ಒತ್ತಿ, ಬೀಗ ತೂಗುಹಾಕಿ,
ಊದುಬತ್ತಿ ಹಚ್ಚಿ,
ಗೂಡಂಗಡಿಯ ಚಾ ಕುಡಿದು ಲೋಟ ತೊಳೆದಿಟ್ಟರೂ
ಪರದೆಯ ಮೇಲೆ ಆ ಉಂಗುರ ತಿರುಗುತ್ತಲೇ ಇರುತ್ತದೆ.

ಹದಿನೆಂಟು ಸಾವಿರ ಇದೆ.
ಸಂಘದ ಸಾಲ ಹತ್ತು. ಉಳಿದದ್ದು
ಎಲ್ಲಿಂದ ಬಂತು ಎಂದು ಮನೆಯಲ್ಲಿ ಹೇಳಿಲ್ಲ.

ಫೆಲಿಕ್ಸ್ ಕಾರವಾರದ ಬಸ್ಸಿಳಿದು ಬಂದ,
ಬಗಲಲ್ಲಿ ಎರಡು ಡಬ್ಬಿ, ಒಂದು ನೀಲಿ, ಒಂದು ಕಿತ್ತಳೆ.
'ಇದು ಇಂಟೆಲ್, ನಾಲ್ಕು ಕೋರು, ಒಂದೊಂದೂ ಚುರುಕು.
ಇದು ರೈಜನ್, ಆರು ಕೋರು, ಸ್ವಲ್ಪ ನಿಧಾನದವು.
ಯಾವುದು ಹೇಳಿ.'

ಶೆಟ್ಲಿ ಸುಲಿಯುವ ಶೆಡ್ಡಿನಲ್ಲಿ
ಎರಡು ಮಳೆಗಾಲ ಕೂತವಳು ನಾನು.
ನಾಲ್ಕು ಚುರುಕು ಕೈ ಸಾಕೋ, ಆರು ಸಾಧಾರಣ ಕೈ ಬೇಕೋ
ಅಂತ ಮೇಸ್ತ್ರಿ ದಿನಾ ಬೆಳಿಗ್ಗೆ ತಲೆ ಕೆರೆದುಕೊಳ್ಳುತ್ತಿದ್ದ.
ಉತ್ತರ ಆ ದಿನದ ಬುಟ್ಟಿಯಲ್ಲಿ ಇರುತ್ತಿತ್ತು.
ನನ್ನ ಬುಟ್ಟಿಗೆ ಒಂದು ಸಲಕ್ಕೆ ಒಂದೇ ಅರ್ಜಿ.
ಹಾಗಾದರೆ ನೀಲಿ, ಅಂದೆ.

ಮೀನು ಮಾರಿ ಬಂದ ಅತ್ತೆ
ಎರಡನ್ನೂ ಅಂಗೈಯಲ್ಲಿ ತೂಗಿದಳು.
'ಬಿಸ್ಕೀಟಿನಷ್ಟಿಲ್ಲ, ಒಂಬತ್ತು ಸಾವಿರವೇ?
ಕಿವಿರು ಎತ್ತಿ ನೋಡೂಕೂ ಆಗೂದಿಲ್ಲ.'

ಕಿವಿರಿಲ್ಲದ್ದಕ್ಕೆ ಫೆಲಿಕ್ಸ್ ಕವುಚಿ ತೋರಿಸಿದ.
ರೈಜನ್ನಿಗೆ ಕಾಲು ತನ್ನದೇ, ಸಾವಿರಕ್ಕೂ ಮಿಕ್ಕಿ,
ಹೇನುಬಾಚಣಿಗೆಯ ಹಲ್ಲಿಗಿಂತ ಸಣ್ಣವು.
ಇಂಟೆಲ್ಲಿನ ಹೊಟ್ಟೆ ನುಣುಪು, ಬರೀ ಚುಕ್ಕೆ;
ಅದರ ಕಾಲುಗಳು ಬೋರ್ಡಿನಲ್ಲಿ, ಅದು ಕೂರುವ ಕುಳಿಯಲ್ಲಿ.
'ಕಾಲು ಬಾಗಿದರೆ ಇಲ್ಲಿ ಪ್ರೊಸೆಸರ್ ಹೋಯಿತು,
ಅಲ್ಲಿ ಬೋರ್ಡು ಹೋಯಿತು. ಅಷ್ಟೇ.'
ಅಷ್ಟೇ?
ಹತ್ತೊಂಬತ್ತು ವರ್ಷ ಬಾಡಿಗೆ ಮನೆಯಲ್ಲಿದ್ದೇನೆ.
ಗೋಡೆಗೆ ಹೊಡೆದ ಮೊಳೆ ಯಾರದು ಅನ್ನುವುದು
ನನಗೆ ಸಣ್ಣ ಜಗಳವಾಗಿ ಕಾಣುವುದಿಲ್ಲ.

ಹಳೆಯ ಪೆಟ್ಟಿಗೆ ಬಿಚ್ಚಿದೆವು.
ಬೋರ್ಡಿನ ಮೂಲೆಗೆ ಹಸಿರು ಕಿಲುಬು,
ಫ್ಯಾನಿನ ರೆಕ್ಕೆಗೆ ಬೆಲ್ಲದಂಥ ಜಿಗುಟು ಧೂಳು.
ಫೆಲಿಕ್ಸ್ ಬೆರಳಿಗೆ ಹಚ್ಚಿ ನಾಲಗೆಗೆ ಮುಟ್ಟಿಸಿ ಉಗುಳಿದ.
'ಉಪ್ಪು. ಈ ಗಾಳಿಯಲ್ಲಿ ಮೊದಲು ಸಾಯುವುದು ಬೋರ್ಡೇ.'
ಇನ್ನೈದು ವರ್ಷಕ್ಕೆ ಮತ್ತೆ ಸಾಯುತ್ತದೆ ಅಂದಮೇಲೆ
ಕಾಲು ತನ್ನ ಹತ್ತಿರವೇ ಇಟ್ಟುಕೊಂಡದ್ದು ಇರಲಿ.
ಕಿತ್ತಳೆ, ಅಂದೆ.
ಫೆಲಿಕ್ಸ್ ಇದಕ್ಕೆ ಬೇರೆ ಕಾರಣ ಬರೆಯುತ್ತಿದ್ದನೇನೋ,
ನಕ್ಕು ಸ್ಕ್ರೂಡ್ರೈವರ್ ತೆಗೆದ.

ಅಷ್ಟರಲ್ಲಿ ಬೊಮ್ಮು ಗೌಡರು ಮೆಟ್ಟಿಲು ಹತ್ತಿದರು,
ಬಗಲಲ್ಲಿ ಅರಣ್ಯ ಜಮೀನಿನ ಫೈಲು.
'ಎಂತ ಮಾಡ್ತ್ರಿ?'
ಕಂಪ್ಯೂಟರಿಗೆ ಹೊಸ ತಲೆ ಹಾಕ್ತಿದ್ದೇವೆ.
'ಹಳೇ ತಲೆ ಎಂತ ತಪ್ಪು ಮಾಡ್ತು?'

ಫೆಲಿಕ್ಸ್ ನನ್ನ ಮುಖ ನೋಡಿದ, ನಾನು ಅವನ ಮುಖ.
ಇವರ ಅರ್ಜಿ ಏಳು ಸಲ ಟೈಪ್ ಮಾಡಿದ್ದೇನೆ.
ಪ್ರತಿ ಸಲ ತಾರೀಕು ಮಾತ್ರ ಬದಲು,
ಎರಡು ಸಲ ಸಾಹೇಬರ ಹೆಸರು.
ಸರ್ವೆ ನಂಬರು ನನಗೆ ಬಾಯಿಪಾಠ.

'ಅದು ನಂಗೆ ಕೊಡು,' ಅಂದರು.
ಕೆಲಸಕ್ಕೆ ಬಾರದ್ದು, ಗೌಡರೇ.
'ಇರಲಿ. ನನ್ನ ಅರ್ಜಿ ಏಳು ಸಲ ಪೂರಾ ಓದದ್ದು ಅದೊಂದೇ ಅಲ್ದಾ.'
ಪಂಚೆಯ ತುದಿಯಲ್ಲಿ ಒರೆಸಿ
ಕವಳದ ಸಂಚಿಗೆ, ಸುಣ್ಣದ ಡಬ್ಬಿಯ ಪಕ್ಕ, ಸೇರಿಸಿಕೊಂಡರು.

ಮರುದಿನ ಗುಂಡಿ ಒತ್ತಿದೆ.
ಬೀಗ ಇನ್ನೂ ಕೈಯಲ್ಲೇ ಇತ್ತು, ಪರದೆ ತಯಾರು.
ಅರ್ಜಿ ತೆರೆದೆ, ತಾರೀಕು ಬದಲಿಸಿದೆ, ಒತ್ತಿದೆ.
ಕಾಗದ ಬೆಚ್ಚಗೆ ಹೊರಬಿತ್ತು.

ಗಂಟೆ ಒಂಬತ್ತೂ ಹತ್ತು.
ಎದುರಿನ ಕಚೇರಿಯ ಗೇಟಿನಲ್ಲಿ ದನವೊಂದು ಮಲಗಿದೆ.
ಚಾ ತರಲಿಕ್ಕೆ ಹೊರಟೆ,
ಎರಡು ಲೋಟ ಹೇಳಿದೆ.