ಕೆಂಪು ಮೂಳೆ

ಪಠ್ಯದಲ್ಲಿ ಒಂದೂವರೆ ಪುಟ: ಪ್ರಜಾಪ್ರಭುತ್ವ.
ಪರೀಕ್ಷೆಗೆ ಬೇಕಾದ್ದು ಎರಡು ಸಾಲಿನ ವ್ಯಾಖ್ಯೆ, ಮೂರು ಲಕ್ಷಣ.
ಹೊರಗೆ ಮೈನಸ್ ಮೂವತ್ತೆಂಟು.
ಕಿಟಕಿಯ ಒಳಮೈಗೂ ಹಿಮ ಹತ್ತಿ
ಅಲ್ತಾಯ್ ಬೆಟ್ಟಗಳು ಇವೆಯೆಂದು ನಂಬಿಕೊಳ್ಳಬೇಕು ಅಷ್ಟೆ.

ವಸತಿಶಾಲೆಯ ಇಪ್ಪತ್ತಮೂರು ಮಕ್ಕಳು.
ಅಪ್ಪ ಅಮ್ಮ, ಕುರಿ, ಒಂಟೆ, ಗುಡಾರ
ಎಲ್ಲ ನೂರು ಕಿಲೋಮೀಟರಿನ ಆಚೆ.
ಪುಸ್ತಕ ಮಡಚಿದೆ. ಓದಿ ಬರುವ ವಿದ್ಯೆಯಲ್ಲ ಇದು,
ಮಾಡಿಯೇ ಕಲಿಯಿರಿ ಅಂದೆ.
ಎಡಗಾಲಿನ ಉಣ್ಣೆಬೂಟು ಕಳಚಿ ಮೇಜಿನ ಮೇಲಿಟ್ಟೆ:
ಇಗೋ ಮತಪೆಟ್ಟಿಗೆ.
ಪಾಠ ಮುಗಿಯುವವರೆಗೆ ಒಂದು ಕಾಲು
ಬರೀ ಕಾಲುಚೀಲದಲ್ಲಿ ಮರಗಟ್ಟುತ್ತಿತ್ತು.

ತಲೆಗೆರಡು ಕುರಿಯ ಗಿಣ್ಣುಮೂಳೆ.
ಕುದುರೆ ಬಿತ್ತೋ ಒಂಟೆ ಬಿತ್ತೋ ಎಂದು
ರಾತ್ರಿಯೆಲ್ಲ ಅವನ್ನೇ ಎಸೆದು ಆಡುವ ಕೈಗಳು
ಅಂದು ಗಂಭೀರವಾದವು.
ಬಿಳಿಯದು ಹೌದು, ಕೆಂಪು ಬಳಿದದ್ದು ಬೇಡ.
ಒಂದು ಬೂಟಿಗೆ, ಉಳಿದದ್ದು ಮೂಲೆಯ ಚೀಲಕ್ಕೆ,
ಅಂಗಿಯ ತೋಳಿನೊಳಗಿಂದಲೇ, ಯಾರಿಗೂ ಕಾಣದಂತೆ.
ಉಣ್ಣೆ ಸದ್ದು ನುಂಗುತ್ತದೆ.

ಪ್ರಶ್ನೆ?
ಕೊನೆಗೆ ಬಂದವನು ಮೊದಲು ಏಳಲಿ, ಎಂದ ಒತ್ಗೊನ್‌ಬಿಲೆಗ್.
ಕ್ಲಾಸು ನಕ್ಕಿತು. ನಾನೂ ಸ್ವಲ್ಪ.
ಹಿಂದಿನ ಚಳಿಗೆ ಹಿಂಡೇ ಸತ್ತು
ಎರಡು ತಿಂಗಳು ತಡವಾಗಿ ಸೇರಿದ ಗಲ್ಬದ್ರಾಖ್
ಬೆಂಚಿನ ತುದಿಯಲ್ಲಿ ನೆಲ ನೋಡುತ್ತಿದ್ದ.
ನನ್ನ ದುಂಡು ಅಕ್ಷರದಲ್ಲಿ ಹಲಗೆಯ ಮೇಲೆ ಬರೆದೆ:
ಬೆಳಗಿನ ಐದಕ್ಕೆ ಒಲೆಗೆ ಕಲ್ಲಿದ್ದಲು ಹೊರುವ ಕೆಲಸ
ಗಲ್ಬದ್ರಾಖನಿಗೆ ಕೊಡೋಣವೆ?

ಬೂಟು ಬೋರಲು ಹಾಕಿ ಎಣಿಸಿದೆವು.
ಇಪ್ಪತ್ತೆರಡು ಬಿಳಿ.
ಒಂದು ಕೆಂಪು.
ಬಹುಮತ ಎಂದು ಬರೆದು ಕೆಳಗೆ ಎರಡು ಗೀಟು ಎಳೆದೆ.
ಗಂಟೆ ಹೊಡೆಯಿತು. ಒಳ್ಳೆ ಪಾಠ ಆಯಿತೆಂದುಕೊಂಡು
ಬೂಟು ಹಾಕಿಕೊಂಡೆ.

ಎಂಟು ದಿನ ಒಲೆ ತಪ್ಪದೆ ಉರಿಯಿತು.
ಒಂಬತ್ತನೆಯ ದಿನ ಗಣಿತದ ಪುಸ್ತಕದ ಮೇಲೆ
ಅವನ ಬೆರಳೊಡೆದ ರಕ್ತದ ಗುರುತು.
ಉರ್ತ್ನಸನ್ ಬಾಗಿಲ ಬಳಿ ನಿಂತು ಕೇಳಿದಳು:
ಬಗ್ಶಾ, ಮತ ನಾವು ಹಾಕಿದೆವು, ಸರಿ.
ಪ್ರಶ್ನೆಯೇ ತಪ್ಪಿದ್ದರೆ
ಮೂಳೆ ಏನು ಮಾಡಬೇಕು?

ಉತ್ತರ ಒಂದೂವರೆ ಪುಟದಲ್ಲಿ ಇರಲಿಲ್ಲ.
ಹಲಗೆ ಒರೆಸಿದೆ. ಒದ್ದೆ ಬಟ್ಟೆ ಹಲಗೆಗೇ ಅಂಟಿತು.
ಪ್ರಶ್ನೆ ಬರೆದ ಕೈ ನನ್ನದು ಅಂದೆ,
ಮಕ್ಕಳೆದುರು ಹೇಳಲು ಗಂಟಲು ಕಟ್ಟಿತು.
ಮತ್ತೆ ಗದ್ದಲ, ಜಗಳ, ಮುನಿಸು:
ಚಿಕ್ಕವರು ಹೊರಬೇಕೆ, ಜ್ವರ ಬಂದರೆ ಯಾರು,
ಒತ್ಗೊನ್‌ಬಿಲೆಗ್ ಏಳುವುದೇ ಇಲ್ಲವಲ್ಲ.
ಎರಡು ಗಂಟೆಗೆ ಒಂದು ಪಟ್ಟಿ ಆಯಿತು,
ಅಲ್ಲಲ್ಲಿ ಹೊಡೆದುಹಾಕಿದ್ದು, ವಾರಕ್ಕೆ ಇಬ್ಬಿಬ್ಬರು.
ಗುರುವಾರಕ್ಕೆ ನನ್ನ ಹೆಸರು.

ಗುರುವಾರ ಕತ್ತಲಲ್ಲಿ ಬಕೆಟ್ಟು ಹಿಡಿದು ಹೊರಟರೆ
ಅವನೂ ಹಿಂದೆ ಬಂದ, ಅಭ್ಯಾಸಬಲ.
ನಾನು ಚೆಲ್ಲಿದ ಕೆಂಡಗಪ್ಪು ತುಂಡುಗಳನ್ನು
ಹಿಮದಿಂದ ಹೆಕ್ಕುತ್ತ ಬಂದ.
ಆ ಕೆಂಪು ಮೂಳೆ, ಎಂದೆ ಮೆಲ್ಲಗೆ,
ನಿನ್ನದೇ ಎಂದು ನನಗೆ ಅಂದೇ ಗೊತ್ತಿತ್ತು.

ಅಲ್ಲ ಬಗ್ಶಾ. ನಾನು ಬಿಳಿಯದೇ ಹಾಕಿದ್ದು.
ಹೊಸಬ ಅಲ್ವಾ ನಾನು.

ಉಸಿರು ಇಬ್ಬರ ಮುಖದೆದುರೂ ಬೆಳ್ಳಗೆ ನಿಂತಿತು.

ಹಾಗಾದರೆ ಯಾರು?
ಹಾಜರಿ ಕೂಗುವಾಗ ಒಂದೊಂದೇ ಮುಖ ನೋಡುತ್ತೇನೆ.
ನಗುವವರಲ್ಲಿ ಒಬ್ಬರು, ತೂಕಡಿಸುವವರಲ್ಲಿ ಒಬ್ಬರು,
ಬಹುಶಃ ಆ ಒತ್ಗೊನ್‌ಬಿಲೆಗನೇ.
ಕೇಳಬಾರದು. ಅದೂ ಪಾಠದಲ್ಲೇ ಇದೆ,
ನಾನೇ ಕಲಿಸಿದ್ದು.
ಹೆಸರು ಕೂಗುತ್ತೇನೆ.
ಇದ್ದೇನೆ ಅನ್ನುತ್ತಾರೆ, ಇಪ್ಪತ್ತಮೂರು ಸಲ.