ಎರಡು ತೂಕಗಳ ನಡುವೆ

ಮುದ್ದಪ್ಪಾ, ಕುರ್ಚಿಯ ಎಡಗಾಲು ಸಡಿಲ, ನೋಡಿಕೊಂಡು ಕೂರು.
ಇದು ಕೀಲಿಕೈ, ಇದು ಟಾರ್ಚು, ಇದು ರಸೀದಿ ಪುಸ್ತಕ.
ಇದು ಕಂಪ್ಯೂಟರು. ಸತ್ತಂತಿದೆ, ಸತ್ತಿಲ್ಲ.
ಮೂಲೆಯಲ್ಲಿ ಆ ಹಳದಿ ದೀಪ ಕಂಡೆಯಾ,
ಒಮ್ಮೆ ಹೊತ್ತಿ ಒಮ್ಮೆ ಆರಿ
ಉಸಿರಾಡುತ್ತ ಮಲಗಿದೆ.

ಕುಶಾಲನಗರದ ಈ ಕ್ಯೂರಿಂಗ್ ವರ್ಕ್ಸಿನಲ್ಲಿ
ಜನವರಿಯ ಲಾರಿಗಳಿಗೆ ಗಡಿಯಾರದ ಹಂಗಿಲ್ಲ.
ಸಿದ್ದಾಪುರದ್ದು ಹನ್ನೊಂದಕ್ಕೆ, ಸುಂಟಿಕೊಪ್ಪದ್ದು ಒಂದೂವರೆಗೆ,
ಮಾಲ್ದಾರೆಯದ್ದು, ದಾರಿಯಲ್ಲಿ ಆನೆ ನಿಂತರೆ, ಬೆಳಕು ಹರಿದ ಮೇಲೆ.
ಅಲ್ಲಿಯವರೆಗೆ ಪರದೆಗೂ ಫ್ಯಾನಿಗೂ ಏಕೆ ದುಡಿಮೆ?
ಮಲಗಿಸು.

ಮಲಗಿತೆಂದರೆ ಎಲ್ಲವನ್ನೂ ಕೈಬಿಡುತ್ತದೆ.
ಡಿಸ್ಕು ನಿಶ್ಚಲ, ಲೆಕ್ಕದ ಚಿಪ್ಪು ಕೈಕಟ್ಟಿ ಕೂತಿದೆ.
ನೆನಪೊಂದನ್ನು ಮಾತ್ರ ಬಿಡುವುದಿಲ್ಲ.
ಅದೂ ಎಂಥ ನೆನಪು! ಸೋರುವ ಕೊಡ.
ಕ್ಷಣಕ್ಷಣಕ್ಕೂ ಹನಿ ಕರೆಂಟು ಹೊಯ್ಯದಿದ್ದರೆ
ಹಿಡಿದದ್ದೆಲ್ಲ ನೆಲದ ಪಾಲು.
ಕೀಲಿ ಒತ್ತು, ಎರಡು ಎಣಿಸುವಷ್ಟರಲ್ಲಿ
ಬಿಟ್ಟ ಸಾಲಿನಲ್ಲೇ ಕರ್ಸರು ಮಿಣುಕುತ್ತದೆ.

ಒತ್ತಲೇಬೇಕೆಂದೂ ಇಲ್ಲ.
ತುಂಬಿದ ಲಾರಿ ತೂಕದ ಹಲಗೆ ಏರಿದರೆ
ಮೇಜು ನಡುಗಿ, ಮೌಸು ಕೂದಲೆಳೆಯಷ್ಟು ಸರಿದು,
ಡ್ರೈವರು ಹಾರ್ನು ಹೊಡೆಯುವ ಮೊದಲೇ
ಪರದೆ ಕಣ್ಣು ಬಿಡುತ್ತದೆ.
ಮೊದಲ ವರ್ಷ ದೆವ್ವವೆಂದೇ ತಿಳಿದಿದ್ದೆ. ನಗಬೇಡ.

ನಗುವಂಥದಲ್ಲ, ಮೂಸಾನ ಲಾರಿಯ ಕಥೆ.
ತುಂಬಿದ ತೂಕ ಬಂತು. ಟೈಪು ಮಾಡಿದೆ, ಸೇವ್ ಮಾಡಲಿಲ್ಲ.
ಖಾಲಿಯಾಗಿ ಬರಲು ಮುಕ್ಕಾಲು ಗಂಟೆ ತಾನೇ ಎಂದು
ಯಂತ್ರವನ್ನು ಮಲಗಿಸಿ, ಫ್ಲಾಸ್ಕಿನ ಬೆಲ್ಲದ ಕಾಫಿ ಬಗ್ಗಿಸಿದೆ.
ಹಾರಂಗಿ ಕಡೆ ಆನೆ ತಳ್ಳಿದ ಬೈನೆ ಮರ
ಲೈನಿನ ಮೇಲೆ ಬಿದ್ದಿದ್ದು ಮರುದಿನ ಗೊತ್ತಾಯಿತು.
ಯುಪಿಎಸ್ಸು ನಾಲ್ಕು ಸಲ ಕೀಂಯ್ ಎಂದು ಸುಮ್ಮನಾಯಿತು.
ಹಳದಿ ದೀಪ ಯಾವಾಗ ಆರಿತೋ
ಕತ್ತಲಲ್ಲಿ ಕತ್ತಲು, ಕಾಣಲಿಲ್ಲ.

ಕರೆಂಟು ಬಂದಾಗ ಖಾಲಿ ಲಾರಿ ಹಲಗೆಯ ಮೇಲೆ.
ಖಾಲಿಯ ತೂಕ ಸರಿ, ತುಂಬಿದ್ದೆಷ್ಟು?
ಯಂತ್ರ ಕಂಪನಿಯ ಹೆಸರು ತೋರಿಸಿ
ಈಗಷ್ಟೇ ಹುಟ್ಟಿದಂತೆ ನನ್ನನ್ನು ನೋಡಿತು.
ಹದಿನೈದೂವರೆ ಟನ್ನೇನೋ, ಎಂದ ಮೂಸಾ.
ಏನೋ ಎಂಬುದಕ್ಕೆ ರಸೀದಿಯಲ್ಲಿ ಜಾಗವಿಲ್ಲ.
ಅಸ್ಸಾಮಿನ ರಫೀಕುಲನೂ ಅವನ ಜತೆಯ ಮೂವರೂ
ಇನ್ನೂರ ಹನ್ನೆರಡು ಮೂಟೆಗಳನ್ನು
ಗೋದಾಮಿನ ಹಳೆಯ ತಕ್ಕಡಿಗೆ ಒಂದೊಂದಾಗಿ ಏರಿಸಿ ಇಳಿಸಿದರು.
ಕೊನೆಯ ಮೂಟೆಗೆ ಹಕ್ಕಿ ಕೂಗಿತ್ತು.
ಯಾರೂ ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆ.

ಕೇಳು, ಮಲಗಿಸುವ ಮುಂಚೆ ಸೇವ್ ಮಾಡು.
ಗೇಟಿನವರೆಗೆ ಹೋಗಿಬರಲು, ಬೀಡಿ ಸೇದಲು ಈ ನಿದ್ದೆ ಸಾಕು.
ಮಡಿಕೇರಿ ಕಡೆ ಮಿಂಚು ಕಂಡರೆ, ಇಲ್ಲ ಊಟಕ್ಕೆ ಮನೆಗೆ ಹೊರಟರೆ
ಮೆನುವಿನಲ್ಲಿ ಅದರ ಕೆಳಗೇ ಹೈಬರ್ನೇಟ್ ಎಂದಿದೆ:
ನೆನಪನ್ನೆಲ್ಲ ಡಿಸ್ಕಿನಲ್ಲಿ ಬರೆದಿಟ್ಟು
ವೈರು ಕಿತ್ತರೂ ಹೆದರದ ನಿದ್ದೆ.
ಏಳುವಾಗ ತುಸು ಮೈಮುರಿಯುತ್ತದೆ, ಕಾಯಿ.
ಹುತ್ತರಿಗೆ ಬೀಗ ಹಾಕುವಾಗ ಪೂರ್ತಿ ಆರಿಸು.
ವಾರಕ್ಕೊಮ್ಮೆ ಸುಮ್ಮನೆಯೂ ಆರಿಸಿ ಹೊತ್ತಿಸು.
ಬರೀ ಅರೆನಿದ್ದೆಯಲ್ಲೇ ಬದುಕುವವರ ತಲೆಯಲ್ಲಿ
ಕಸ ಕೂರುತ್ತದೆ, ನನ್ನ ಹೆಂಡತಿ ಹೇಳುತ್ತಾಳೆ.

ಬೇಲಿಯಾಚೆ ರೊಬಸ್ಟಾ ಮೊಗ್ಗು ಬಿಗಿದು ನಿಂತಿದೆಯಲ್ಲ,
ಹೂಮಳೆಯವರೆಗೆ ಅದೂ ಹೀಗೇ ಎಂದು
ನಿನಗೆ ಚಂದಮಾಡಿ ಹೇಳೋಣವೆಂದಿದ್ದೆ.
ಬೇಡ. ಗಿಡಕ್ಕೆ ಯುಪಿಎಸ್ಸಿಲ್ಲ,
ಮಳೆ ತಪ್ಪಿದರೆ ಮರುತೂಕವಿಲ್ಲ.

ಗೋಡೆಯ ತುಂಬ ಪೆನ್ಸಿಲಿನ ಅಂಕಿಗಳಿವೆ.
ಬಣ್ಣ ಹೊಡೆಸಲು ಬಂದರೆ ಬಿಡಬೇಡ.
ಆ ರಾತ್ರಿಯಿಂದ ತುಂಬಿದ ತೂಕ ಮೊದಲು ಅಲ್ಲಿ,
ಆಮೇಲೆ ಯಂತ್ರಕ್ಕೆ.

ಮೇಜು ನಡುಗಿತು ನೋಡು.
ಎದ್ದಿತು.
ಯಾರದೋ ಲಾರಿ. ಪೆನ್ಸಿಲು ಆ ಡಬ್ಬದಲ್ಲಿದೆ.